ಸಾಲ ತೀರಿಸಲು ಭೂಮಂಡಲ ಸುತ್ತಿದ ನಗೆಗಾರ

ಜಗತ್ತನ್ನು ನಗಿಸಿದವನ ಮನೆಯ ಜಮಾ-ಖರ್ಚಿನ ಪುಸ್ತಕ ತೆರೆದರೆ ಅಳು ಬರುತ್ತದೆ. ಹಣದ ಬೆನ್ನು ಹತ್ತಿದ ಅಮೆರಿಕವನ್ನು ಮಾರ್ಕ್ ಟ್ವೇನ್‌ನಷ್ಟು ಹರಿತವಾಗಿ ಗೇಲಿ ಮಾಡಿದ ಲೇಖಕರು ವಿರಳ. ಅದೇ ಹಣದ ಬೆನ್ನು ಹತ್ತಿ ಆತನಷ್ಟು ಜೋರಾಗಿ ಮುಗ್ಗರಿಸಿದ ಲೇಖಕರು ಇನ್ನೂ ವಿರಳ. ದಿಢೀರ್ ಶ್ರೀಮಂತಿಕೆಯ ಕನಸುಗಳ ಬಗ್ಗೆ ಬೆಳಗ್ಗೆ ವ್ಯಂಗ್ಯ ಬರೆದು, ಸಂಜೆ ಅಂಥದೇ ಒಂದು ಕನಸಿಗೆ ಚೆಕ್ ಬರೆದುಕೊಡುತ್ತಿದ್ದ ಮನುಷ್ಯ ಆತ.

1894ರಲ್ಲಿ, 58ರ ವಯಸ್ಸಿನಲ್ಲಿ, ಅಮೆರಿಕದ ಅತ್ಯಂತ ಜನಪ್ರಿಯ ಲೇಖಕ ದಿವಾಳಿಯಾದ. ಸಾಲದ ಒಂದು ಭಾಗವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವ ದಾರಿ ಆತನ ಮುಂದಿತ್ತು. ಆತ ಆ ದಾರಿ ಹಿಡಿಯಲಿಲ್ಲ. ಹಡಗು ಹತ್ತಿ, ಊರೂರು ಸುತ್ತಿ, ಕಂಡ ಕಂಡ ವೇದಿಕೆಗಳ ಮೇಲೆ ನಿಂತು ಜನರನ್ನು ನಗಿಸಿ, ಪೂರ್ತಿ ಸಾಲ ತೀರಿಸಿದ. ಆ ಪಯಣ ಆತನನ್ನು ಭಾರತಕ್ಕೂ ಕರೆತಂದಿತು. ಅದಕ್ಕೆ ಆತ ತೆತ್ತ ಬೆಲೆಯನ್ನು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯಲು ಬರುವಂತಿರಲಿಲ್ಲ.

ಅಪ್ಪ ಬಿಟ್ಟುಹೋದ ಆಸ್ತಿ

ಟ್ವೇನ್‌ನ ನಿಜನಾಮ ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. ಜನನ 1835ರ ನವೆಂಬರ್ 30ರಂದು, ಮಿಸ್ಸೌರಿ ರಾಜ್ಯದ ಫ್ಲಾರಿಡಾ ಎಂಬ ಪುಟ್ಟ ಹಳ್ಳಿಯಲ್ಲಿ. ಬಾಲ್ಯ ಕಳೆದದ್ದು ಮಿಸ್ಸಿಸಿಪ್ಪಿ ನದಿಯ ದಂಡೆಯ ಹ್ಯಾನಿಬಲ್ ಎಂಬ ಊರಿನಲ್ಲಿ. ತಂದೆ ಜಾನ್ ಮಾರ್ಷಲ್ ಕ್ಲೆಮೆನ್ಸ್ ವಕೀಲ. ಅಂಗಡಿ ಇಟ್ಟವನು, ನ್ಯಾಯಾಧೀಶನಾಗಿಯೂ ಕೆಲಸ ಮಾಡಿದವನು. ಪ್ರಾಮಾಣಿಕ ಎಂಬ ಹೆಸರಿತ್ತು, ಕೈ ಹಾಕಿದ ವ್ಯಾಪಾರವೆಲ್ಲ ಮುಳುಗುತ್ತಿತ್ತು.

ಆ ತಂದೆ ಟೆನ್ನೆಸ್ಸೀ ರಾಜ್ಯದಲ್ಲಿ ಸುಮಾರು 75 ಸಾವಿರ ಎಕರೆ ಕಾಡುನೆಲವನ್ನು ಕೆಲವೇ ನೂರು ಡಾಲರುಗಳಿಗೆ ಕೊಂಡಿಟ್ಟಿದ್ದ. ಇಂದಲ್ಲ ನಾಳೆ ಅದಕ್ಕೆ ಬೆಲೆ ಬರುತ್ತದೆ, ಮಕ್ಕಳು ಕೋಟ್ಯಧೀಶರಾಗುತ್ತಾರೆ ಎಂಬುದು ಆತನ ದೃಢ ನಂಬಿಕೆ. 1847ರಲ್ಲಿ ಆತ ನ್ಯುಮೋನಿಯಾದಿಂದ ತೀರಿಕೊಂಡಾಗ ಸ್ಯಾಮ್‌ಗೆ 11 ವರ್ಷ. ಮನೆಯಲ್ಲಿ ಕಾಸಿಲ್ಲ, ಆದರೆ ಕಾಗದದ ಮೇಲೆ ಒಂದು ಪುಟ್ಟ ಸಂಸ್ಥಾನದಷ್ಟು ಜಮೀನು. ಆ ನೆಲವನ್ನು ಕುಟುಂಬ ದಶಕಗಳ ಕಾಲ ಚೂರುಚೂರಾಗಿ ಮಾರಿತು, ತೆರಿಗೆ ಕಟ್ಟಿತು, ಜಗಳವಾಡಿತು. ಹೇಳಿಕೊಳ್ಳುವಂಥ ಲಾಭ ಯಾರಿಗೂ ಸಿಗಲಿಲ್ಲ. ಬರಲಿರುವ ಐಶ್ವರ್ಯದ ನಿರೀಕ್ಷೆಯಲ್ಲಿ ಬದುಕುವವನು ದುಡಿಮೆಯ ಮೇಲಿನ ಮನಸ್ಸನ್ನೇ ಕಳೆದುಕೊಳ್ಳುತ್ತಾನೆ ಎಂಬುದನ್ನು ಟ್ವೇನ್ ಮುಂದೆ ಕಹಿಯಾಗಿ ಬರೆದ. ರೋಗ ಗುರುತಿಸಿದ ಮಾತ್ರಕ್ಕೆ ಗುಣವಾಗಬೇಕಲ್ಲ! ಅಪ್ಪನ ಆಸ್ತಿ ಮಗನಿಗೆ ದಕ್ಕಲಿಲ್ಲ. ಅಪ್ಪನ ನಂಬಿಕೆ ಮಾತ್ರ ಯಾವ ಬಾಕಿಯೂ ಇಲ್ಲದೆ ದಕ್ಕಿತು.

ನದಿಯಿಂದ ಬೆಳ್ಳಿಗಣಿಗೆ

ತಂದೆ ಸತ್ತ ಮೇಲೆ ಶಾಲೆ ಹೆಚ್ಚು ದಿನ ನಡೆಯಲಿಲ್ಲ. ಹುಡುಗ ಮುದ್ರಣಾಲಯ ಸೇರಿ ಮೊಳೆ ಜೋಡಿಸುವ ಕೆಲಸ ಕಲಿತ. ಅಣ್ಣ ಓರಿಯನ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ದುಡಿದ. ಸೇಂಟ್ ಲೂಯಿಸ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಸಿನ್ಸಿನಾಟಿ ಎಂದು ಊರೂರಿನ ಮುದ್ರಣಾಲಯಗಳಲ್ಲಿ ಅಕ್ಷರ ಜೋಡಿಸಿ ಹೊಟ್ಟೆ ಹೊರೆದ. ಈ ಮೊಳೆ ಜೋಡಣೆಯ ಬೇಸರವನ್ನು ನೆನಪಿನಲ್ಲಿಟ್ಟುಕೊಳ್ಳಿ, ಆತನ ದಿವಾಳಿಯ ಬೀಜ ಬಿದ್ದದ್ದು ಅಲ್ಲೇ.

1857ರಲ್ಲಿ ಆತ ಮಿಸ್ಸಿಸಿಪ್ಪಿಯ ಹಬೆದೋಣಿಗಳ ಪೈಲಟ್ ಆಗಲು ಹೊರಟ. ಹೊರೇಸ್ ಬಿಕ್ಸ್‌ಬಿ ಎಂಬ ಹಿರಿಯ ಪೈಲಟ್ ಕಲಿಸಲು ಕೇಳಿದ ಶುಲ್ಕ 500 ಡಾಲರು. ಮೊದಲ ಕಂತಿನ 100 ಡಾಲರಿಗೂ ಸಾಲ ಮಾಡಬೇಕಾಯಿತು. 1859ರಲ್ಲಿ ಲೈಸೆನ್ಸ್ ಸಿಕ್ಕಿತು. ಒಳ್ಳೆಯ ಸಂಬಳ, ನದಿಯ ಮೇಲೆ ರಾಜಮರ್ಯಾದೆ. ಅದರ ನಡುವೆಯೇ, 1858ರಲ್ಲಿ, ಪೆನ್ಸಿಲ್ವೇನಿಯಾ ಎಂಬ ಹಬೆದೋಣಿಯ ಬಾಯ್ಲರ್ ಸಿಡಿದು ತಮ್ಮ ಹೆನ್ರಿ ಸತ್ತ. ಆ ದೋಣಿಯ ಕೆಲಸಕ್ಕೆ ಅವನನ್ನು ಸೇರಿಸಿದ್ದು ತಾನೇ ಎಂಬ ಕೊರಗು ಅಣ್ಣನನ್ನು ಕೊನೆಯವರೆಗೂ ಬಿಡಲಿಲ್ಲ.

1861ರಲ್ಲಿ ಅಂತರ್ಯುದ್ಧ ಶುರುವಾಗಿ ನದಿಯ ವ್ಯಾಪಾರ ನಿಂತಿತು. ಅಣ್ಣ ಓರಿಯನ್‌ಗೆ ನೆವಾಡಾ ಪ್ರಾಂತ್ಯದ ಕಾರ್ಯದರ್ಶಿ ಹುದ್ದೆ ಸಿಕ್ಕಿದ್ದರಿಂದ ತಮ್ಮನೂ ಪಶ್ಚಿಮಕ್ಕೆ ಹೊರಟ. ಅಲ್ಲಿ ಬೆಳ್ಳಿಯ ಜ್ವರ ಏರಿತ್ತು. ಬೆಟ್ಟ ಅಗೆದವನು ರಾಜ, ಅಗೆಯದವನು ಮೂರ್ಖ ಎಂಬ ಕಾಲ. ಕ್ಲೆಮೆನ್ಸ್ ಕೂಡ ಗುದ್ದಲಿ ಹಿಡಿದ, ಗಣಿಗಳ ಪಾಲು ಕೊಂಡ, ಮಣ್ಣಿನಲ್ಲಿ ಹೊಳೆದದ್ದನ್ನೆಲ್ಲ ಬೆಳ್ಳಿ ಎಂದು ಆರಿಸಿದ. ಕೈಗೆ ಬಂದದ್ದು ಬೊಬ್ಬೆ ಮಾತ್ರ. ಕೊನೆಗೆ 1862ರಲ್ಲಿ ವರ್ಜೀನಿಯಾ ಸಿಟಿಯ ಟೆರಿಟೋರಿಯಲ್ ಎಂಟರ್‌ಪ್ರೈಸ್ ಪತ್ರಿಕೆಯಲ್ಲಿ ವಾರಕ್ಕೆ 25 ಡಾಲರಿನ ವರದಿಗಾರನಾದ. ಗಣಿಯಲ್ಲಿ ಸಿಗದ ಅದಿರು ಆತನಿಗೆ ಗಣಿ ಅಗೆಯುವವರ ನಡುವೆ ಸಿಕ್ಕಿತು.

ಆ ಊರಿನ ವಿಚಿತ್ರಗಳಿಗೆ ಲೆಕ್ಕವಿರಲಿಲ್ಲ. ಹೊಸ ಗಣಿಯ ಮಾಲೀಕರು ವರದಿಗಾರರಿಗೆ ಪಾಲುಪತ್ರಗಳನ್ನು ಬಿಟ್ಟಿ ಹಂಚುತ್ತಿದ್ದರು, ಪತ್ರಿಕೆಯಲ್ಲಿ ಎರಡು ಒಳ್ಳೆಯ ಮಾತು ಬಂದರೆ ಸಾಕಿತ್ತು. ನೆಲದಡಿ ಬೆಳ್ಳಿ ಇದೆಯೋ ಇಲ್ಲವೋ ಎಂಬುದು ಅಷ್ಟು ಮುಖ್ಯವಲ್ಲ, ಇದೆ ಎಂದು ನಂಬುವವರು ಇದ್ದಾರೋ ಇಲ್ಲವೋ ಎಂಬುದೇ ಮುಖ್ಯ. ಷೇರುಪೇಟೆಯ ಈ ಮೂಲಸೂತ್ರವನ್ನು ಆತ ಅಲ್ಲಿಯೇ ಕಣ್ಣಾರೆ ಕಂಡ. 1872ರಲ್ಲಿ ಬಂದ ರಫಿಂಗ್ ಇಟ್ ಕೃತಿಯಲ್ಲಿ ಅದನ್ನೆಲ್ಲ ಹೊಟ್ಟೆ ಹುಣ್ಣಾಗುವಂತೆ ಬರೆದ.

1863ರ ಫೆಬ್ರವರಿಯಿಂದ ಆತ ಮಾರ್ಕ್ ಟ್ವೇನ್ ಆದ. ಇದು ನದಿಯ ಮಾತು. ಆಳ ಅಳೆಯುವ ಹಗ್ಗದ ಎರಡನೆಯ ಗುರುತು, ಅಂದರೆ 12 ಅಡಿ ನೀರು. ದೋಣಿ ತಳ ತಾಗದೆ ಸಾಗಬಹುದು ಎಂಬ ಅಭಯ. ನೀರಿನ ಆಳವನ್ನು ಅಷ್ಟು ಚೆನ್ನಾಗಿ ಬಲ್ಲವನಿಗೆ ವ್ಯವಹಾರದ ಆಳ ಮಾತ್ರ ಕಡೆಯವರೆಗೂ ತಿಳಿಯಲಿಲ್ಲ.

ಚಿನ್ನದ ಮುಲಾಮಿನ ಕಾಲ

1865ರಲ್ಲಿ ಬಂದ ಜಿಗಿಯುವ ಕಪ್ಪೆಯ ಕತೆ ಆತನಿಗೆ ದೇಶದಾದ್ಯಂತ ಹೆಸರು ತಂದಿತು. 1867ರ ಹಡಗುಯಾನದ ಅನುಭವಗಳ ಇನ್ನೊಸೆಂಟ್ಸ್ ಅಬ್ರಾಡ್ 1869ರಲ್ಲಿ ಪ್ರಕಟವಾಗಿ ಹಣವನ್ನೂ ತಂದಿತು. 1870ರ ಫೆಬ್ರವರಿಯಲ್ಲಿ ಎಲ್ಮೈರಾ ಪಟ್ಟಣದ ಕಲ್ಲಿದ್ದಲು ವ್ಯಾಪಾರಿಯ ಮಗಳು ಒಲಿವಿಯಾ ಲ್ಯಾಂಗ್ಡನ್‌ಳನ್ನು ಮದುವೆಯಾದ. ಮನೆಮಂದಿಗೆ ಆಕೆ ಲಿವಿ. ಮಾವ ಮದುವೆಯ ಉಡುಗೊರೆಯಾಗಿ ಬಫಲೋ ನಗರದಲ್ಲಿ ಸಜ್ಜುಗೊಳಿಸಿದ ಮನೆಯನ್ನೇ ಕೊಟ್ಟ. ನೆವಾಡಾದ ಧೂಳಿನಿಂದ ಎದ್ದುಬಂದವನು ಶ್ರೀಮಂತರ ಪಡಸಾಲೆಯಲ್ಲಿ ಕುಳಿತ.

1873ರಲ್ಲಿ ನೆರೆಯವನಾದ ಚಾರ್ಲ್ಸ್ ಡಡ್ಲಿ ವಾರ್ನರ್ ಜತೆ ಸೇರಿ ಬರೆದ ಗಿಲ್ಡೆಡ್ ಏಜ್ ಕಾದಂಬರಿಯಲ್ಲಿ ಅಮೆರಿಕದ ಆ ಕಾಲದ ಎಲ್ಲ ಮರುಳುಗಳೂ ಇವೆ. ಬೆಲೆಬಾಳದ ಟೆನ್ನೆಸ್ಸೀ ನೆಲವಿದೆ, ರೈಲುಮಾರ್ಗ ಬರುತ್ತದೆಂದು ಕೆಸರುಗದ್ದೆಯಲ್ಲಿ ನಗರ ಕಟ್ಟಲು ಹೊರಡುವವರಿದ್ದಾರೆ, ದೇವರ ಹೆಸರು ಹೇಳಿ ಲಂಚದ ಮಸೂದೆ ಮಂಡಿಸುವ ಸೆನೆಟರ್ ಇದ್ದಾನೆ. ಕರ್ನಲ್ ಸೆಲ್ಲರ್ಸ್ ಎಂಬ ಪಾತ್ರವಂತೂ ಮನೆಯಲ್ಲಿ ಊಟಕ್ಕೆ ಗತಿಯಿಲ್ಲದಿದ್ದರೂ ಬಾಯಲ್ಲಿ ಲಕ್ಷಗಳನ್ನೇ ಎಣಿಸುತ್ತಾನೆ. ಹೊರಗೆ ಚಿನ್ನದ ಮುಲಾಮು, ಒಳಗೆ ಅಗ್ಗದ ಲೋಹ ಎಂಬ ಅರ್ಥದ ಆ ಶೀರ್ಷಿಕೆಯನ್ನೇ ಇತಿಹಾಸಕಾರರು ಮುಂದೆ ಆ ಇಡೀ ಯುಗಕ್ಕೆ ಹೆಸರಾಗಿ ಇಟ್ಟರು.

ಕಾದಂಬರಿ ಬಂದ ಮರುವರ್ಷವೇ, 1874ರಲ್ಲಿ, ಟ್ವೇನ್ ಕುಟುಂಬ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ 25 ಕೋಣೆಗಳ ಹೊಸ ಮನೆಗೆ ಕಾಲಿಟ್ಟಿತು. ಗೋಪುರ, ಬಾಲ್ಕನಿ, ಅಲಂಕಾರದ ಗೋಡೆ, ಆಳುಕಾಳು, ಬಂದುಹೋಗುವ ಅತಿಥಿಗಳ ಸಾಲು. ಟಾಮ್ ಸಾಯರ್, ಹಕಲ್‌ಬೆರಿ ಫಿನ್ ಕಾದಂಬರಿಗಳು ಹೊರಬಂದ 17 ವರ್ಷಗಳ ಕಾಲ ಅದೇ ಆತನ ಮನೆ. ಬಹುಪಾಲು ಬರೆದದ್ದು ಬೇಸಿಗೆಗಳಲ್ಲಿ ಎಲ್ಮೈರಾದಲ್ಲಿದ್ದ ನಾದಿನಿಯ ತೋಟದಮನೆಯಲ್ಲಿ. ಹಾರ್ಟ್‌ಫರ್ಡಿನ ಮನೆ ಬರೆಯಲು ಬಿಡುವು ಕೊಡುತ್ತಿರಲಿಲ್ಲ, ಖರ್ಚು ಮಾಡಲು ಮಾತ್ರ ಕರೆಯುತ್ತಿತ್ತು.

ಆತನಿಗೆ ಆವಿಷ್ಕಾರಗಳ ಹುಚ್ಚೂ ಇತ್ತು. ಸ್ವಂತ ಹೆಸರಿನಲ್ಲಿ ಮೂರು ಪೇಟೆಂಟ್ ಪಡೆದ: ಬಟ್ಟೆ ಬಿಗಿಮಾಡುವ ಪಟ್ಟಿ, ಅಂಟು ಸವರಿದ ಪುಟಗಳ ಸ್ಕ್ರಾಪ್‌ಬುಕ್, ಇತಿಹಾಸದ ಇಸವಿಗಳನ್ನು ನೆನಪಿಡುವ ಆಟ. ಇವುಗಳಲ್ಲಿ ದುಡ್ಡು ತಂದದ್ದು ಸ್ಕ್ರಾಪ್‌ಬುಕ್ ಒಂದೇ. ಬರಹಗಾರನೊಬ್ಬ ಒಂದಕ್ಷರವೂ ಇಲ್ಲದ ಪುಸ್ತಕದಿಂದ ಲಾಭ ಮಾಡಿದ್ದು ಹೀಗೆ. ಕಯೋಲಟೈಪ್ ಎಂಬ ಚಿತ್ರಮುದ್ರಣ ತಂತ್ರಕ್ಕೆ ಸುರಿದ ಸಾವಿರಾರು ಡಾಲರು ಮಣ್ಣುಪಾಲಾಯಿತು. ಹೊಸದಾಗಿ ಬಂದ ಟೆಲಿಫೋನ್ ಕಂಪನಿಯ ಷೇರುಗಳನ್ನು ಒಪ್ಪದೆ ಮಾರಾಟಗಾರನನ್ನು ವಾಪಸು ಕಳಿಸಿದ್ದಾಗಿ ಆತನೇ ಬರೆದುಕೊಂಡಿದ್ದಾನೆ. ಮುಳುಗುವುದಕ್ಕೆಲ್ಲ ಹಣ ಹಾಕಿದವನು ತೇಲುವುದೊಂದನ್ನು ಮಾತ್ರ ಎಚ್ಚರಿಕೆಯಿಂದ ದೂರವಿಟ್ಟ.

ಜನರಲ್‌ನ ಕೊನೆಯ ದುಡಿಮೆ

ಆ ಕಾಲದಲ್ಲಿ ಅಮೆರಿಕದಲ್ಲಿ ಮನೆಮನೆಗೆ ಏಜೆಂಟರನ್ನು ಕಳಿಸಿ, ಮುಂಗಡ ಚಂದಾ ಎತ್ತಿ ಪುಸ್ತಕ ಮಾರುವ ಪದ್ಧತಿ ಇತ್ತು. ಲಾಭದ ದೊಡ್ಡ ಪಾಲು ಪ್ರಕಾಶಕರಿಗೆ ಹೋಗುತ್ತಿದೆ ಎಂದು ಸಿಟ್ಟಾದ ಟ್ವೇನ್ 1884ರಲ್ಲಿ ತನ್ನ ಸೋದರ ಸೊಸೆಯ ಗಂಡ ಚಾರ್ಲ್ಸ್ ವೆಬ್‌ಸ್ಟರ್ ಹೆಸರಿನಲ್ಲಿ ಸ್ವಂತ ಪ್ರಕಾಶನ ಸಂಸ್ಥೆ ತೆರೆದ. ಆರಂಭ ಅದ್ಭುತವಾಗಿತ್ತು.

ಅಂತರ್ಯುದ್ಧ ಗೆದ್ದ ಜನರಲ್, ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಅದೇ ವರ್ಷ ವಾಲ್‌ಸ್ಟ್ರೀಟಿನ ಪಾಲುದಾರನೊಬ್ಬನ ಮೋಸದಿಂದ ಬೀದಿಗೆ ಬಿದ್ದಿದ್ದರು. ಮೇಲೆ ಗಂಟಲ ಕ್ಯಾನ್ಸರ್. ಹೆಂಡತಿ ಮಕ್ಕಳಿಗೆ ಏನಾದರೂ ಉಳಿಸಿ ಹೋಗಬೇಕೆಂದು ಆತ್ಮಕತೆ ಬರೆಯಲು ಕುಳಿತಿದ್ದ ಅವರಿಗೆ ಬೇರೊಂದು ಸಂಸ್ಥೆ ಶೇ 10ರ ಗೌರವಧನ ಮುಂದಿಟ್ಟಿತ್ತು. ಟ್ವೇನ್ ನಿವ್ವಳ ಲಾಭದ ಶೇ 70 ಕೊಡುವುದಾಗಿ ಹೇಳಿ ಪುಸ್ತಕ ಪಡೆದ. ಬರಹ ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ಗ್ರಾಂಟ್ ತೀರಿಕೊಂಡರು. ಎರಡು ಸಂಪುಟಗಳ ಆ ಪುಸ್ತಕದ 3 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. 1886ರಲ್ಲಿ ಗ್ರಾಂಟ್‌ರ ಪತ್ನಿಗೆ ಸಂದ ಮೊದಲ ಚೆಕ್ಕಿನ ಮೊತ್ತವೇ 2 ಲಕ್ಷ ಡಾಲರು. ಸಾಯುತ್ತಿರುವ ಮುದುಕನೊಬ್ಬ ಮಾತು ನಿಂತ ಗಂಟಲಿನಲ್ಲೂ ದುಡಿದು ಋಣ ತೀರಿಸಿದ್ದನ್ನು ಟ್ವೇನ್ ಹತ್ತಿರದಿಂದ ಕಂಡ. ಒಂಬತ್ತು ವರ್ಷಗಳ ಬಳಿಕ ಅಂಥದೇ ಸರದಿ ತನಗೂ ಬರುತ್ತದೆಂದು ಆಗ ಊಹಿಸಿರಲಾರ.

ಗೆಲುವು ತಲೆಗೇರಿತು. ಪೋಪ್ ಹದಿಮೂರನೆಯ ಲಿಯೋ ಅವರ ಜೀವನಚರಿತ್ರೆ ಪ್ರಕಟಿಸಿದರೆ ಭೂಮಿಯ ಮೇಲಿನ ಪ್ರತಿ ಕ್ಯಾಥೊಲಿಕನೂ ಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದ. 1887ರಲ್ಲಿ ಪುಸ್ತಕ ಬಂತು, ಕೊಳ್ಳುವವರು ಬರಲಿಲ್ಲ. ಓದು ಬಾರದ ಭಕ್ತರೂ ಪ್ರಪಂಚದಲ್ಲಿದ್ದಾರೆ ಎಂಬ ಅಂಶ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಅಮೆರಿಕನ್ ಸಾಹಿತ್ಯದ 11 ಸಂಪುಟಗಳ ಮಾಲೆಯನ್ನು ಕಂತಿನ ಮೇಲೆ ಮಾರತೊಡಗಿದರು. ಅಚ್ಚಿನ ಖರ್ಚು ಮೊದಲೇ, ಗಿರಾಕಿಯ ಹಣ ತಿಂಗಳಿಗಿಷ್ಟು. ಮಾರಾಟ ಹೆಚ್ಚಿದಷ್ಟೂ ಸಂಸ್ಥೆಯ ಸಾಲವೂ ಹೆಚ್ಚಿತು.

18 ಸಾವಿರ ಬಿಡಿಭಾಗಗಳ ಯಂತ್ರ

ಇಷ್ಟಾದರೂ ಆತ ಬದುಕಿಕೊಳ್ಳುತ್ತಿದ್ದ, ಜೇಮ್ಸ್ ಪೇಜ್ ಎಂಬ ಸಂಶೋಧಕ ಎದುರಾಗದಿದ್ದರೆ. ಕನ್ನಡದ ಹಳೆಯ ಮುದ್ರಣಾಲಯಗಳನ್ನು ಕಂಡವರಿಗೆ ಮೊಳೆ ಜೋಡಣೆಯ ಕಷ್ಟ ಗೊತ್ತಿದೆ. ಒಂದೊಂದೇ ಅಕ್ಷರ ಹೆಕ್ಕಿ ಸಾಲು ಕಟ್ಟಬೇಕು, ಅಚ್ಚಾದ ಮೇಲೆ ಬಿಚ್ಚಿ ಮತ್ತೆ ಖಾನೆಗಳಿಗೆ ತುಂಬಬೇಕು. ಇದನ್ನೆಲ್ಲ ತಾನೇ ಮಾಡುವ ಯಂತ್ರ ಕಟ್ಟುತ್ತೇನೆಂದು ಪೇಜ್ ಹೊರಟಿದ್ದ. ಹುಡುಗನಾಗಿದ್ದಾಗ ಆ ಕೆಲಸ ಮಾಡಿ ಬೆರಳು ಸವೆಸಿಕೊಂಡಿದ್ದ ಟ್ವೇನ್ 1880ರ ಸುಮಾರಿಗೆ ಅದನ್ನು ಕಂಡು ಮರುಳಾದ. ಮೊದಲು ಕೆಲವು ಸಾವಿರ ಕೊಟ್ಟ. ಆಮೇಲೆ ಒಂದು ಘಟ್ಟದಲ್ಲಿ ಆ ಯಂತ್ರ ತಿಂಗಳಿಗೆ 3 ಸಾವಿರ ಡಾಲರಿನಂತೆ ನುಂಗತೊಡಗಿತು. ಒಟ್ಟು ನಷ್ಟವನ್ನು 3 ಲಕ್ಷ ಡಾಲರಿನವರೆಗೂ ಅಂದಾಜಿಸಿದವರಿದ್ದಾರೆ. ಲಿವಿಯ ಪಿತ್ರಾರ್ಜಿತವೂ ಅದರಲ್ಲಿ ಕರಗಿತು.

ಯಂತ್ರ ಸುಳ್ಳಲ್ಲ, ಅದು ನಿಜಕ್ಕೂ ಕೆಲಸ ಮಾಡುತ್ತಿತ್ತು. ಅದೇ ದುರಂತ. 18 ಸಾವಿರ ಬಿಡಿಭಾಗಗಳ ಆ ಅದ್ಭುತ ಓಡಿದಾಗ ಮನುಷ್ಯನನ್ನು ಮೀರಿಸುತ್ತಿತ್ತು, ಕೆಟ್ಟಾಗ ಪೇಜ್ ಹೊರತು ಯಾರಿಗೂ ರಿಪೇರಿ ಬರುತ್ತಿರಲಿಲ್ಲ. ಪೇಜ್‌ಗೋ ಪರಿಪೂರ್ಣತೆಯ ಗೀಳು. ಮಾರಾಟಕ್ಕೆ ಸಿದ್ಧವಾಯಿತು ಎನ್ನುವಾಗಲೇ ಪೂರ್ತಿ ಬಿಚ್ಚಿ ಹೊಸದೊಂದು ಭಾಗ ಸೇರಿಸಲು ಕುಳಿತುಬಿಡುತ್ತಿದ್ದ. ಈ ನಡುವೆ 1886ರಲ್ಲಿ ಆಟ್ಮರ್ ಮರ್ಗನ್‌ತಾಲರ್‌ನ ಲೈನೋಟೈಪ್ ಯಂತ್ರ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸ ಆರಂಭಿಸಿತ್ತು. ಅದು ಮೊಳೆಗಳನ್ನು ಹೆಕ್ಕುವ ಗೋಜಿಗೇ ಹೋಗದೆ ಇಡೀ ಸಾಲನ್ನು ಬಿಸಿ ಲೋಹದಲ್ಲಿ ಎರಕ ಹೊಯ್ಯುತ್ತಿತ್ತು. ಸರಳವಾದದ್ದು ಗೆದ್ದಿತು. 1894ರಲ್ಲಿ ಶಿಕಾಗೋದ ಪತ್ರಿಕೆಯೊಂದರಲ್ಲಿ ನಡೆದ ಪರೀಕ್ಷೆಯಲ್ಲಿ ಪೇಜ್ ಯಂತ್ರ ಪದೇಪದೇ ಕೆಟ್ಟು ನಿಂತಿತು. ಅದರೊಂದಿಗೆ ಕತೆ ಮುಗಿಯಿತು. ಹಾರ್ಟ್‌ಫರ್ಡಿನ ಟ್ವೇನ್ ಸ್ಮಾರಕಭವನದಲ್ಲಿ ಉಳಿದಿರುವ ಯಂತ್ರ ಇಂದು ನೋಡುಗರ ಪಾಲಿಗೆ ಪ್ರದರ್ಶನದ ವಸ್ತು.

ತೈಲದ ದೊರೆಯ ಕೈ

ಖರ್ಚು ತಡೆಯಲಾಗದೆ 1891ರಲ್ಲೇ ಕುಟುಂಬ ಹಾರ್ಟ್‌ಫರ್ಡಿನ ಮನೆಗೆ ಬೀಗ ಹಾಕಿ ಯುರೋಪಿಗೆ ಹೋಗಿತ್ತು. ಅಲ್ಲಿ ಬದುಕು ಅಗ್ಗ ಎಂಬುದು ಕಾರಣ. 1893ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಬಾಗಿಲು ಮುಚ್ಚಿ ಸಾಲ ಹುಟ್ಟುವುದೇ ನಿಂತಿತು. ಕುಟುಂಬವನ್ನು ಯುರೋಪಿನಲ್ಲಿ ಬಿಟ್ಟು ಟ್ವೇನ್ ಹಣಕ್ಕಾಗಿ ಅಟ್ಲಾಂಟಿಕ್ ಸಾಗರವನ್ನು ಮತ್ತೆ ಮತ್ತೆ ದಾಟಿದ. ಕೈಯಲ್ಲಿ ಕಾಸಿಲ್ಲದ ಅಮೆರಿಕನ್ನನೊಬ್ಬನಿಗೆ ಮುರಿಸಲಾಗದ ಹತ್ತು ಲಕ್ಷ ಪೌಂಡಿನ ನೋಟು ಸಿಕ್ಕಿ, ಅದರ ದರ್ಶನಮಾತ್ರದಿಂದಲೇ ಇಡೀ ಲಂಡನ್ ಉದ್ದರಿ ಕೊಡುವ ಆತನ ಪ್ರಸಿದ್ಧ ಕತೆ ಅಚ್ಚಾದದ್ದು ಅದೇ 1893ರಲ್ಲಿ. ಹಣವಿದ್ದವನಿಗೇ ಸಾಲ ಸುಲಭ ಎಂಬುದನ್ನು ಆತ ಗ್ರಂಥಾಲಯದಲ್ಲಿ ಕುಳಿತು ಕಲಿತಿರಲಿಲ್ಲ.

ಆಗ ಕೈಹಿಡಿದವನು ಹೆನ್ರಿ ರೋಜರ್ಸ್, ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಪ್ರಮುಖರಲ್ಲೊಬ್ಬ. ವ್ಯಾಪಾರದಲ್ಲಿ ಎದುರಾಳಿಗಳ ರಕ್ತ ಹೀರುವವನೆಂದು ಹೆಸರಾದವನು, ಟ್ವೇನ್‌ನ ಬರಹವೆಂದರೆ ಪ್ರಾಣ ಬಿಡುವವನು. ಚಿನ್ನದ ಮುಲಾಮಿನ ಯುಗವನ್ನು ಹೆಸರಿಟ್ಟು ಹಂಗಿಸಿದ ಲೇಖಕನನ್ನು ಆ ಯುಗದ ಧಣಿಯೇ ಎತ್ತಿ ನಿಲ್ಲಿಸಿದ. ರೋಜರ್ಸ್‌ನ ಸಲಹೆಯಂತೆ 1894ರ ಏಪ್ರಿಲ್ 18ರಂದು ವೆಬ್‌ಸ್ಟರ್ ಸಂಸ್ಥೆ ದಿವಾಳಿ ಘೋಷಿಸಿತು. ಪುಸ್ತಕಗಳ ಹಕ್ಕುಸ್ವಾಮ್ಯ ಅಷ್ಟರಲ್ಲೇ ಲಿವಿಯ ಹೆಸರಿಗೆ ವರ್ಗವಾಗಿತ್ತು. ಸಂಸ್ಥೆಗೆ ಹಣ ಕೊಟ್ಟವರ ಪೈಕಿ ಆಕೆಯೇ ದೊಡ್ಡವಳು ಎಂಬುದು ರೋಜರ್ಸ್ ಮುಂದಿಟ್ಟ ವಾದ. ಅದು ನಿಜವೂ ಹೌದು, ಜಾಣತನವೂ ಹೌದು. ಹಕ್ಕುಸ್ವಾಮ್ಯ ಆಗ ಹರಾಜಾಗಿದ್ದರೆ ಮುಂದೆ ಸಾಲ ತೀರಿಸಲು ಆತನಲ್ಲಿ ಏನೂ ಉಳಿಯುತ್ತಿರಲಿಲ್ಲ.

ಉಳಿದದ್ದು ಸುಮಾರು ನೂರು ಮಂದಿಗೆ ಕೊಡಬೇಕಾದ ಲಕ್ಷ ಡಾಲರಿನಷ್ಟು ಸಾಲ. ಡಾಲರಿಗೆ ಇಷ್ಟು ಸೆಂಟ್ ಎಂದು ಪಡೆದು ಬಿಟ್ಟುಬಿಡಲು ಬಹುತೇಕರು ಸಿದ್ಧರಿದ್ದರು. ಪೂರ್ತಿ ಕೊಡಲೇಬೇಕು ಎಂದು ಹಟ ಹಿಡಿದವಳು ಲಿವಿ. ಲೇಖಕನ ಬಂಡವಾಳ ಆತನ ಹೆಸರೊಂದೇ, ಅದಕ್ಕೆ ಮಸಿ ಹತ್ತಬಾರದು ಎಂದು ರೋಜರ್ಸ್ ಕೂಡ ಒತ್ತಿಹೇಳಿದ. ಟ್ವೇನ್ ಒಪ್ಪಿದ. ಆದರೆ ಆತ ಸಂತನೇನೂ ಆಗಿರಲಿಲ್ಲ. 1891ರಲ್ಲೇ ತೀರಿಹೋಗಿದ್ದ ವೆಬ್‌ಸ್ಟರ್‌ನ ತಲೆಗೆ ತಪ್ಪನ್ನೆಲ್ಲ ಕಟ್ಟಿ ಬಹುಕಾಲ ಬೈಯುತ್ತಲೇ ಇದ್ದ.

ಬೊಂಬಾಯಿಯಿಂದ ಡಾರ್ಜಿಲಿಂಗಿಗೆ

ದುಡಿಯಲು ಉಳಿದಿದ್ದ ದಾರಿ ಭಾಷಣ. ಅದೆಂದರೆ ಆತನಿಗೆ ಅಲರ್ಜಿ. ಇನ್ನು ವೇದಿಕೆ ಹತ್ತುವುದಿಲ್ಲ ಎಂದು ಎಂದೋ ತೀರ್ಮಾನಿಸಿದ್ದ. 1895ರ ಜುಲೈನಲ್ಲಿ, ಕಾಲಿನಲ್ಲಿ ಕುರು ಎದ್ದು ನೋಯುತ್ತಿದ್ದಾಗಲೇ, ಕ್ಲೀವ್‌ಲ್ಯಾಂಡ್‌ನಿಂದ ಪ್ರವಾಸ ಆರಂಭಿಸಿದ. ಜತೆಗೆ ಲಿವಿ ಮತ್ತು ನಡುವಿನ ಮಗಳು ಕ್ಲಾರಾ. ಹಿರಿಯವಳು ಸೂಸಿ, ಕಿರಿಯವಳು ಜೀನ್ ಅಮೆರಿಕದಲ್ಲೇ ಉಳಿದರು. ಹಡಗು ಹತ್ತುವ ಮುನ್ನ ವ್ಯಾಂಕೂವರ್‌ನಲ್ಲಿ, ಕಾನೂನು ಬಿಟ್ಟರೂ ತಾನು ಬಿಡುವುದಿಲ್ಲ, ಎಲ್ಲರಿಗೂ ಪೂರ್ತಿ ಹಣ ಸಲ್ಲುತ್ತದೆ ಎಂಬರ್ಥದ ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟ. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಗಿಸಿ ಸಿಲೋನ್ ಮೂಲಕ 1896ರ ಜನವರಿಯಲ್ಲಿ ಬೊಂಬಾಯಿಗೆ ಬಂದಿಳಿದ. 60 ತುಂಬಿತ್ತು. ವಾಟ್ಸನ್ ಹೋಟೆಲಿನಲ್ಲಿ ತಂಗಿ, ಕೆಮ್ಮಿನ ನಡುವೆಯೇ ಭಾಷಣ ಮಾಡಿದ. ಪುಣೆ, ಬರೋಡಾ, ಅಲಹಾಬಾದ್, ಕಾಶಿ, ಕಲ್ಕತ್ತಾ, ಲಖನೌ, ಆಗ್ರಾ, ಜೈಪುರ, ಲಾಹೋರ್, ರಾವಲ್ಪಿಂಡಿ ಎಂದು ಎರಡು ತಿಂಗಳಿಗೂ ಹೆಚ್ಚು ಕಾಲ ರೈಲಿನಲ್ಲಿ ಸುತ್ತಿದ. ಮೈಸೂರು ಸಂಸ್ಥಾನ ಆ ಪಟ್ಟಿಯಲ್ಲಿರಲಿಲ್ಲ. ಕಲ್ಕತ್ತಾದಿಂದ ಹಿಂದಿರುಗುವಾಗ ಹಡಗು ಮದರಾಸಿನಲ್ಲಿ ನಿಂತದ್ದೇ ದಕ್ಷಿಣದ ನಂಟು. ಕಾಶಿಯಲ್ಲಿ ಸ್ವಾಮಿ ಭಾಸ್ಕರಾನಂದರನ್ನು ಕಂಡು ಗೌರವದಿಂದ ಬರೆದ. ಸಾಲದಿಂದ ತಲೆ ಎತ್ತಲು ಭೂಮಿ ಸುತ್ತುತ್ತಿದ್ದವನು, ಎಲ್ಲವನ್ನೂ ಬಿಟ್ಟು ಕುಳಿತಿದ್ದ ಸನ್ಯಾಸಿಯ ಎದುರು ನಿಂತ ಗಳಿಗೆ ಅದು. ಡಾರ್ಜಿಲಿಂಗ್‌ನಿಂದ ಬಯಲಿನವರೆಗೆ, 35 ಮೈಲಿ ಇಳಿಜಾರನ್ನು ಪುಟ್ಟ ಟ್ರಾಲಿಯಲ್ಲಿ ಜಾರಿಕೊಂಡು ಬಂದ ದಿನವನ್ನು ತನ್ನ ಬದುಕಿನ ಅತ್ಯಂತ ಸಂತಸದ ದಿನಗಳಲ್ಲಿ ಎಣಿಸಿದ.

ಮಾರಿಷಸ್, ದಕ್ಷಿಣ ಆಫ್ರಿಕಾ ಮುಗಿಸಿ 1896ರ ಜುಲೈ ಕೊನೆಗೆ ಇಂಗ್ಲೆಂಡ್ ತಲುಪುವಷ್ಟರಲ್ಲಿ ನೂರಕ್ಕೂ ಹೆಚ್ಚು ಭಾಷಣಗಳಾಗಿದ್ದವು. ಸಾಲದ ಒಂದು ಪಾಲು ತೀರುವಷ್ಟು ಹಣ ಕೂಡಿತ್ತು. ಸೂಸಿ ಮತ್ತು ಜೀನ್ ಬಂದು ಸೇರಿಕೊಳ್ಳುವುದೊಂದೇ ಬಾಕಿ.

ಬೀಗ ಹಾಕಿದ ಮನೆ

ಅವರು ಬರಲಿಲ್ಲ. ಸೂಸಿಗೆ ಆರೋಗ್ಯವಿಲ್ಲ ಎಂಬ ಸುದ್ದಿ ಬಂತು. ಲಿವಿ ಮತ್ತು ಕ್ಲಾರಾ ಅಮೆರಿಕದ ಹಡಗು ಹತ್ತಿದರು. ಟ್ವೇನ್ ಗಿಲ್ಫರ್ಡ್‌ನ ಬಾಡಿಗೆ ಮನೆಯಲ್ಲಿ ಒಬ್ಬನೇ ಉಳಿದ. ಹಡಗು ಇನ್ನೂ ಸಾಗರದ ಮೇಲಿದ್ದಾಗಲೇ, 1896ರ ಆಗಸ್ಟ್ 18ರಂದು, 24 ವರ್ಷದ ಸೂಸಿ ಮೆದುಳು ಪೊರೆಯ ಉರಿಯೂತದಿಂದ ತೀರಿಕೊಂಡಳು. ಆಕೆ ಪ್ರಾಣ ಬಿಟ್ಟದ್ದು ಹಾರ್ಟ್‌ಫರ್ಡಿನ ಆ ಮನೆಯಲ್ಲಿಯೇ. ತಂದೆಗೆ ತಿಳಿದದ್ದು ತಂತಿಯ ಮೂಲಕ. ಆ ಮನೆಯಲ್ಲಿ ಕುಟುಂಬ ಮತ್ತೆಂದೂ ವಾಸ ಮಾಡಲಿಲ್ಲ. 1903ರಲ್ಲಿ ಅದನ್ನು ಮಾರಿದರು.

ತನ್ನ ದುಡ್ಡಿನ ದುರಾಸೆಯೇ ಮಗಳನ್ನು ಒಂಟಿಯಾಗಿ ಸಾಯುವಂತೆ ಮಾಡಿತು ಎಂದು ಟ್ವೇನ್ ತನ್ನನ್ನೇ ಶಪಿಸಿಕೊಂಡ. ವೈದ್ಯಕೀಯವಾಗಿ ಅದು ನಿಜವಲ್ಲ. ಆದರೆ ಯಂತ್ರದ ಹುಚ್ಚು, ದಿವಾಳಿ, ಪ್ರವಾಸ, ದೂರ ಎಂಬ ಸರಪಳಿಯ ಒಂದೊಂದು ಕೊಂಡಿಯೂ ಆತನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಲಂಡನ್ನಿನಲ್ಲಿ ಯಾರನ್ನೂ ಕಾಣದೆ ಕುಳಿತು ಪ್ರವಾಸಕಥನ ಬರೆದ. 1897ರಲ್ಲಿ ಬಂದ ಫಾಲೋಯಿಂಗ್ ದಿ ಇಕ್ವೇಟರ್ ಓದಿ ಜನ ನಕ್ಕರು. ಅದರ ಪುಟಗಳು ಎಂಥ ಮನೆಯಲ್ಲಿ ಬರೆದವು ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅದೇ ವರ್ಷ ನ್ಯೂಯಾರ್ಕಿನ ಪತ್ರಿಕೆಯೊಂದು ಆತನ ಸಾಲಕ್ಕೆಂದು ಸಾರ್ವಜನಿಕ ನಿಧಿ ಎತ್ತತೊಡಗಿತು. ಟ್ವೇನ್ ಮೊದಲು ಮನಸ್ಸು ಮಾಡಿದ್ದ. ಲಿವಿ ಸುತರಾಂ ಒಪ್ಪಲಿಲ್ಲ, ನಿಧಿ ನಿಂತಿತು.

ತೀರಿದ ಸಾಲ, ತೀರದ ಚಟ

1898ರ ಆರಂಭದಲ್ಲಿ, ವಿಯೆನ್ನಾದಲ್ಲಿದ್ದಾಗ, ಕೊನೆಯ ಬಾಕಿಯೂ ಸಂದಾಯವಾಯಿತು. ರೋಜರ್ಸ್ ಲೆಕ್ಕ ಮುಚ್ಚಿದ. ಅಮೆರಿಕದ ಪತ್ರಿಕೆಗಳು ಹಾಡಿ ಹೊಗಳಿದವು. 1900ರಲ್ಲಿ ತಾಯ್ನಾಡಿಗೆ ಮರಳಿದಾಗ ಗೆದ್ದುಬಂದ ವೀರನ ಸ್ವಾಗತ.

ಇನ್ನಾದರೂ ಬುದ್ಧಿ ಬಂತೇ? ಸಾಲ ತೀರಿದ ಕೆಲವೇ ವಾರಗಳಲ್ಲಿ ಯಾನ್ ಶ್ಚೆಪಾನಿಕ್ ಎಂಬ ಯುವ ಸಂಶೋಧಕನ ಜವಳಿ ವಿನ್ಯಾಸದ ಯಂತ್ರ ಕಂಡು ಮತ್ತೆ ಕೋಟಿಗಳ ಲೆಕ್ಕ ಹಾಕಿ ರೋಜರ್ಸ್‌ಗೆ ಪತ್ರ ಬರೆದ. ಈ ಬಾರಿ ಬಂಡವಾಳ ಹಾಕುವವರು ಸಿಗದಿದ್ದದ್ದೇ ಪುಣ್ಯ. ಆಮೇಲೆ ಪ್ಲಾಸ್ಮನ್ ಎಂಬ ಹಾಲಿನ ಪುಡಿ ಸರ್ವರೋಗ ನಿವಾರಕ ಎಂದು ನಂಬಿ ಹಣ ಹಾಕಿದ, ಅಮೆರಿಕದಲ್ಲಿ ಅದೂ ಮುಳುಗಿತು. 1907ರಲ್ಲಿ ಆತನ ಹಣವಿದ್ದ ನಿಕರ್‌ಬಾಕರ್ ಟ್ರಸ್ಟ್ ಬಾಗಿಲು ಹಾಕಿತು. ಕರ್ನಲ್ ಸೆಲ್ಲರ್ಸ್‌ನನ್ನು ಸೃಷ್ಟಿಸಿದವನ ಎದೆಯಲ್ಲಿ ಕರ್ನಲ್ ಸೆಲ್ಲರ್ಸ್ ಖಾಯಂ ಬಾಡಿಗೆದಾರನಾಗಿದ್ದ.

ಆದರೆ ಬರಹದ ದನಿ ಬದಲಾಗಿತ್ತು. ಪ್ರಾಮಾಣಿಕತೆಗೆ ಹೆಸರಾದ ಊರೊಂದು ಒಂದು ಚೀಲ ಚಿನ್ನದ ಮುಂದೆ ಕುಸಿಯುವ, ಕೊನೆಗೆ ಆ ಚಿನ್ನವೂ ಮುಲಾಮು ಹಚ್ಚಿದ ಸೀಸವೆಂದು ತಿಳಿಯುವ ಹ್ಯಾಡ್ಲಿಬರ್ಗ್ ಕತೆ 1899ರಲ್ಲಿ ಬಂತು. 1901ರಿಂದ ಸಾಯುವವರೆಗೆ ಆತ ಸಾಮ್ರಾಜ್ಯಶಾಹಿ ವಿರೋಧಿ ಸಂಘದ ಉಪಾಧ್ಯಕ್ಷನಾಗಿದ್ದ. ಫಿಲಿಪೀನ್ಸ್ ದ್ವೀಪಗಳನ್ನು ನುಂಗಿದ ಅಮೆರಿಕದ ನಡೆಯನ್ನು ಖಂಡಿಸಿದ. ಇತ್ತ ರೋಜರ್ಸ್‌ನ ಸ್ನೇಹವನ್ನೂ ಬಿಡಲಿಲ್ಲ. 1902ರಲ್ಲಿ ಪತ್ರಕರ್ತೆ ಐಡಾ ಟಾರ್ಬೆಲ್ ಸ್ಟ್ಯಾಂಡರ್ಡ್ ಆಯಿಲ್‌ನ ಬಣ್ಣ ಬಯಲು ಮಾಡುವ ಲೇಖನಮಾಲೆಗೆ ಸಿದ್ಧಳಾಗುತ್ತಿದ್ದಾಗ ಆಕೆಗೆ ರೋಜರ್ಸ್ ಭೇಟಿ ಸಾಧ್ಯವಾದದ್ದೂ ಟ್ವೇನ್ ಮೂಲಕವೇ. ಅಮೆರಿಕದ ವಿರೋಧಾಭಾಸಗಳೆಲ್ಲ ಆ ಒಂದು ಬದುಕಿನಲ್ಲಿ ಊಟದ ಮೇಜಿಗೆ ಒಟ್ಟಿಗೇ ಕೂತಿದ್ದವು.

1904ರಲ್ಲಿ ಫ್ಲಾರೆನ್ಸ್‌ನಲ್ಲಿ ಲಿವಿ ತೀರಿಕೊಂಡಳು. 1909ರ ಮೇನಲ್ಲಿ ರೋಜರ್ಸ್, ಅದೇ ವರ್ಷ ಕ್ರಿಸ್‌ಮಸ್‌ನ ಹಿಂದಿನ ದಿನ ಮಗಳು ಜೀನ್. ಹ್ಯಾಲಿ ಧೂಮಕೇತು ಬಂದ ವರ್ಷ ಹುಟ್ಟಿದ್ದ ಟ್ವೇನ್, ಅದು ಮರಳಿ ಬಂದಾಗಲೇ ಹೋಗುತ್ತೇನೆ ಎನ್ನುತ್ತಿದ್ದ. 1910ರ ಏಪ್ರಿಲ್ 21ರಂದು, ಧೂಮಕೇತು ಸೂರ್ಯನ ಸಮೀಪಕ್ಕೆ ಬಂದ ಮರುದಿನ, ಕನೆಕ್ಟಿಕಟ್‌ನ ರೆಡ್ಡಿಂಗ್‌ನಲ್ಲಿ ಕೊನೆಯುಸಿರೆಳೆದ. ಆ ಹೊತ್ತಿಗೆ ಆತನ ಆಸ್ತಿಯ ಮೌಲ್ಯ 4 ಲಕ್ಷ ಡಾಲರಿಗೂ ಹೆಚ್ಚು. ಅದರ ಬುನಾದಿ ಗಣಿಯಲ್ಲ, ಯಂತ್ರವಲ್ಲ, ಹಾಲಿನ ಪುಡಿಯಲ್ಲ. ಲಿವಿಯ ಹೆಸರಿನಲ್ಲಿ ಉಳಿಸಿಕೊಂಡಿದ್ದ ಪುಸ್ತಕಗಳು.

ಸಾಲದ ಸುಖದುಃಖ ಕನ್ನಡಿಗರಿಗೆ ಸರ್ವಜ್ಞನ ಕಾಲದಿಂದಲೂ ಗೊತ್ತು. ಕೊಳ್ಳುವಾಗಿನ ಹಿಗ್ಗು, ಕೊಡುವಾಗಿನ ಕುಗ್ಗು ಎರಡನ್ನೂ ಟ್ವೇನ್ ಲೋಕದೆದುರು ನಿಂತು ಅನುಭವಿಸಿದ. ಹಣ ಮಾಡುವ ವಿದ್ಯೆ ಆತನಿಂದ ಕಲಿಯುವಂಥದ್ದಲ್ಲ. ಕೊಡುವ ಅಗತ್ಯವಿಲ್ಲ ಎಂದು ಲೋಕವೇ ಒಪ್ಪಿದ ಮೇಲೂ ಕೊಟ್ಟನಲ್ಲ, ಆ ಒಂದು ಲೆಕ್ಕದಲ್ಲಿ ಮಾತ್ರ ಆತ ತಪ್ಪಲಿಲ್ಲ.